ತೈವಾನಿಗೆ ಹೋದ ದೃಷ್ಟಿಬೊಟ್ಟು

ಜೆ.ಪಿ. ನಗರ, ಹೊರಡುವ ಮೊದಲು

ತೈವಾನಿಗೆ ಹೋಗಿಬಂದೆ ಅಂದರೆ ನಮ್ಮ ಬೀದಿಯವರು ಕೇಳುವ ಮೊದಲ ಪ್ರಶ್ನೆ, "ಊಟಕ್ಕೇನು ಮಾಡಿದ್ರಿ?" ಆಮೇಲೆ, "ಚಳಿ ಇತ್ತಾ?" ಕೊನೆಯಲ್ಲಿ, ಗೇಟು ಹಾಕಿಕೊಳ್ಳುತ್ತಾ, "ಅಂದಹಾಗೆ ಹೋಗಿದ್ದು ಯಾತಕ್ಕೆ?" ಮೊದಲಿನವಕ್ಕೆ ನಿಂತಲ್ಲೇ ಉತ್ತರ ಕೊಡಬಹುದು. ಕೊನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಕೇಳಿದವರ ಮನೆಯ ಕುಕ್ಕರ್ ಕೂಗಿ, ಅವರು ಒಳಗೆ ಓಡಿರುತ್ತಾರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನನ್ನ ಕೆಲಸ ಸರ್ಕ್ಯೂಟ್ ಬೋರ್ಡಿನ ವಿನ್ಯಾಸ. ಹಳೆಯ ರೇಡಿಯೋವನ್ನೋ ಟಿ.ವಿ. ರಿಮೋಟನ್ನೋ ಬಿಚ್ಚಿದರೆ ಒಳಗೊಂದು ಹಸಿರು ಹಲಗೆ ಕಾಣುತ್ತದಲ್ಲ, ಅದರ ಮೇಲೆ ಯಾವ ಬಿಡಿಭಾಗ ಎಲ್ಲಿ ಕೂರಬೇಕು, ಒಂದರಿಂದ ಇನ್ನೊಂದಕ್ಕೆ ತಾಮ್ರದ ಗೆರೆ ಯಾವ ದಾರಿಯಲ್ಲಿ ಹೋಗಬೇಕು ಎಂದು ಕಂಪ್ಯೂಟರಿನಲ್ಲಿ ಎಳೆದುಕೊಡುವುದು. ಇದನ್ನು ಕಾಲೇಜಿನಲ್ಲಿ ಓದಿದ್ದೇನೆ, ಸುಳ್ಳಲ್ಲ. ಆದರೆ ಕಲಿತದ್ದು ಜಯನಗರದ ನಮ್ಮ ಮನೆಯ ಬಾಗಿಲ ಮುಂದೆ, ನಮ್ಮಜ್ಜಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು. "ಗೆರೆ ಎಳೆಯೋಕೆ ಯಾಕೆ ಅವಸರ? ಮೊದಲು ಚುಕ್ಕಿ ಸರಿಯಾಗಿಡು. ಚುಕ್ಕಿ ನೆಟ್ಟಗಿದ್ರೆ ಗೆರೆ ತಾನೇ ದಾರಿ ಹುಡುಕ್ಕೊಳುತ್ತೆ" ಅನ್ನುತ್ತಿದ್ದರು ಅಜ್ಜಿ. ಬಿಡಿಭಾಗಗಳನ್ನು ಹದವಾಗಿ ಕೂರಿಸಿಕೊಂಡರೆ ಬೋರ್ಡಿನ ಅರ್ಧ ಕೆಲಸ ಮುಗಿದಂತೆ ಎಂದು ಈಗಲೂ ಹೊಸಬರಿಗೆ ನಾನು ಹೇಳಿಕೊಡುವುದು ಅದನ್ನೇ.

ಅಜ್ಜಿ ಕಲಿಸಿದ್ದು ಇನ್ನೊಂದಿತ್ತು. ರಂಗೋಲಿ ತೀರಾ ಚೆನ್ನಾಗಿ ಬಂದ ದಿನ ಅದರ ಒಂದು ಮೂಲೆಯಲ್ಲಿ, ಯಾವ ಗೆರೆಗೂ ತಾಗದ ಹಾಗೆ, ಒಂದು ಚುಕ್ಕಿ ಇಟ್ಟುಬಿಡುತ್ತಿದ್ದರು. ದೃಷ್ಟಿಬೊಟ್ಟು. ಮೊಮ್ಮಕ್ಕಳ ಕೆನ್ನೆಗೆ ಕಾಡಿಗೆಯಲ್ಲಿ ಇಡುತ್ತಿದ್ದದ್ದನ್ನೇ ರಂಗೋಲಿಗೂ ಇಡುತ್ತಿದ್ದರು, ಅಷ್ಟೆ. ನಾನು ನಾಲ್ಕು ಜನ ಮೆಚ್ಚುವಂಥ ಮೊದಲ ಬೋರ್ಡು ಮಾಡಿದಾಗ ಕೈ ತಾನಾಗಿ ಮೂಲೆಗೆ ಹೋಗಿ ಒಂದು ದುಂಡು ಚುಕ್ಕಿ ಇಟ್ಟಿತು. ತಾಮ್ರದ್ದು, ಮೇಲೆ ಚಿನ್ನದ ಲೇಪ, ಯಾವುದಕ್ಕೂ ಸಂಬಂಧವಿಲ್ಲದ್ದು. ಅಂದಿನಿಂದ ನನ್ನ ಬೋರ್ಡುಗಳೆಲ್ಲ ಬೊಟ್ಟಿಟ್ಟುಕೊಂಡೇ ಮನೆ ಬಿಡುತ್ತವೆ.

"ಅಕ್ಕ, ಇಂಜಿನಿಯರ್ ಆಗಿ ಇದೆಲ್ಲಾ ಏನು?" ಎಂದು ನಂಜುಂಡ ರೇಗಿಸುತ್ತಾನೆ. ಜೆ.ಪಿ. ನಗರದ ಒಂದು ಮಹಡಿ ಮನೆಯಲ್ಲಿರುವ ನಮ್ಮ ಪುಟ್ಟ ಆಫೀಸಿನಲ್ಲಿ ನಾವಿಬ್ಬರೇ ಪಾಲುದಾರರು. ಬೋರ್ಡು ನನ್ನದು, ಅದಕ್ಕೆ ಬುದ್ಧಿ ತುಂಬುವ ಪ್ರೋಗ್ರಾಮು ಅವನದು. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಬಾಯಲ್ಲಿ ದೊಡ್ಡವನು.

ಈ ಸಲದ ಕೆಲಸ ತಿಲಕ್ ನಗರದ ಒಂದು ಶಾಲೆಯದು, ಕಿವಿ ಕೇಳಿಸದ ಮಕ್ಕಳ ಪುಟ್ಟ ಶಾಲೆ. ಟೀಚರು ಕೊರಳಿಗೆ ಒಂದು ಮೈಕು ಹಾಕಿಕೊಂಡರೆ ಅವರ ಮಾತು ನೇರವಾಗಿ ಮಕ್ಕಳ ಕಿವಿಯ ಯಂತ್ರಕ್ಕೆ ಹೋಗಬೇಕು, ನಡುವೆ ರಸ್ತೆಯ ಹಾರನ್ನು, ಬೆಂಚು ಎಳೆದ ಸದ್ದು ಯಾವುದೂ ಸೇರಬಾರದು. ಅದಕ್ಕೆ ಪ್ರತಿ ಮಗುವಿನ ಎದೆಯ ಮೇಲೆ ಒಂದು ಪುಟ್ಟ ಪೆಟ್ಟಿಗೆ. ನಾವು ಹಿಂದೆ ಮಾಡಿಕೊಟ್ಟಿದ್ದು ಸೋಪಿನ ಡಬ್ಬಿಯಷ್ಟಿತ್ತು. ಮಕ್ಕಳು ಕಿತ್ತು ಬಿಸಾಕುತ್ತಿದ್ದರು. ಈ ಸಲ ಬೆಂಕಿಪೊಟ್ಟಣದಷ್ಟು ಆಗಬೇಕು, ಮುಚ್ಚಳ ಗಾಜಿನ ಹಾಗೆ ಪಾರದರ್ಶಕವಾಗಿರಬೇಕು ಎಂದರು ಅಲ್ಲಿನ ವಿಮಲಾ ಟೀಚರ್. "ಒಳಗೇನಿದೆ ಅಂತ ಕಾಣಿಸಿಬಿಟ್ರೆ ಬಿಚ್ಚೋದಿಲ್ಲ ಮೇಡಂ, ನನ್ನ ಮಕ್ಕಳು ನಂಗೆ ಗೊತ್ತು."

ಅವರು ಇನ್ನೊಂದು ಮಾತು ಹೇಳಿದ್ದರು. "ಶಾಲೆ ಶುರುವಾಗೋ ದಿನಕ್ಕೇ ಬೇಕು. ಒಂದನೇ ಕ್ಲಾಸಿಗೆ ಹೊಸ ಮಕ್ಕಳು ಬರ್ತಾವೆ. ಮೊದಲನೇ ದಿನ ಬರೀ ಗದ್ದಲ ಕೇಳಿಸಿದ್ರೆ ಆ ಮಕ್ಕಳು ಕೇಳೋ ಆಸೆನೇ ಬಿಟ್ಟುಬಿಡ್ತಾವೆ. ಆಮೇಲೆ ನಾನು ವರ್ಷವೆಲ್ಲಾ ಒದ್ದಾಡ್ಬೇಕು."

ಪೆಟ್ಟಿಗೆ ಚಿಕ್ಕದಾದಷ್ಟೂ ಒಳಗಿನ ಬಿಡಿಭಾಗವೂ ಚಿಕ್ಕದಾಗಬೇಕಲ್ಲ. ನಮ್ಮ ಬೋರ್ಡುಗಳಿಗೆ ಇಷ್ಟು ದಿನ ಕೈಯಲ್ಲೇ ಭಾಗ ಕೂರಿಸಿಕೊಡುತ್ತಿದ್ದ ಕೋಣನಕುಂಟೆಯವರು ಚಿಮಟಿಗೆಯಲ್ಲಿ ಒಂದನ್ನು ಎತ್ತಿ ನೋಡಿ, "ಮೇಡಂ, ಇದು ಸಾಸಿವೆಗಿಂತ ಸಣ್ಣ. ಸೀನಿದ್ರೆ ಹಾರೋಗುತ್ತೆ. ಮಶೀನೇ ಬೇಕು" ಎಂದು ಕೈಮುಗಿದರು. ಚಿಪ್ ಮಾರಿದವರು ತಮ್ಮ ಊರಾದ ತೈವಾನಿನ ಒಂದು ಕಾರ್ಖಾನೆಯನ್ನು ತೋರಿಸಿದರು. ಅಲ್ಲಿಂದ ಮೊದಮೊದಲು ಒಳ್ಳೆಯ ಸುದ್ದಿಯೇ ಬಂತು. ಆಮೇಲೆ ಒಂದು ಫೋಟೋ. ನನ್ನ ಚಿಪ್ಪು, ಗೋಡೆಯ ಮೇಲೆ ಓರೆಯಾದ ದೇವರ ಪಟದ ಹಾಗೆ ವಾರೆಯಾಗಿ ಕೂತಿತ್ತು. ವಿಚಿತ್ರವೆಂದರೆ ಎಲ್ಲ ಬೋರ್ಡಿನಲ್ಲೂ ಅಲ್ಲ. ಒಂದರಲ್ಲಿ ನೆಟ್ಟಗೆ, ಪಕ್ಕದ್ದರಲ್ಲಿ ವಾರೆ. ಕೆಲಸ ನಿಲ್ಲಿಸಿ ಅವರು ಬರೆದರು: ದಯವಿಟ್ಟು ನಿಮ್ಮ ವಿನ್ಯಾಸ ಪರಿಶೀಲಿಸಿ. ನಾನು ಬರೆದೆ: ದಯವಿಟ್ಟು ನಿಮ್ಮ ಮಶೀನು ಪರಿಶೀಲಿಸಿ. ಎರಡೂ ಕಡೆ ಮರ್ಯಾದೆ ಏರುತ್ತಾ ಹೋಯಿತು, ಕೆಲಸ ಮಾತ್ರ ಮುಂದೆ ಹೋಗಲಿಲ್ಲ.

"ಅಕ್ಕ, ಹೋಗ್ಬಿಡಿ" ಎಂದ ನಂಜುಂಡ. ಅವನ ಪಾಸ್‌ಪೋರ್ಟಿನ ಅವಧಿ ಮುಗಿದಿತ್ತು. "ಮೇಲ್‌ನಲ್ಲಿ ಜಗಳಾನೂ ನೆಟ್ಟಗೆ ಆಡಕ್ಕಾಗಲ್ಲ. ಎದುರಿಗೆ ಕೂತ್ರೆ ಮುಗಿಯುತ್ತೆ."

"ಹೋಗ್ತೀನಿ. ಮಶೀನಿನ ತಪ್ಪು ಅಂತ ಒಪ್ಪಿಸೇ ಬರ್ತೀನಿ, ನೋಡ್ತಿರು" ಎಂದೆ. ಅಲ್ಲಿಯವರೆಗೆ ನಾನು ದಾಟಿದ್ದ ದೊಡ್ಡ ನೀರೆಂದರೆ ಕಾವೇರಿ.

ವಿಮಾನ ನಿಲ್ದಾಣ

ಬರಿಗೈಯಲ್ಲಿ ಯಾರ ಮನೆಗೂ ಹೋಗಬಾರದು ಎಂದು ಕೋಡುಬಳೆ ಕರಿದುಕೊಂಡಿದ್ದೆ. ಅದನ್ನೂ ಮಾದರಿ ಬೋರ್ಡುಗಳನ್ನೂ ಒಂದೇ ಕೈಚೀಲದಲ್ಲಿ ಇಟ್ಟದ್ದು ತಪ್ಪಾಯಿತು. ತಪಾಸಣೆಯ ಪರದೆಯ ಮೇಲೆ ಸುರುಳಿ ಸುರುಳಿ, ನಡುವೆ ಚಿಪ್ಪುಗಳು. ಅಲ್ಲಿದ್ದವರು ಪರದೆಯನ್ನೂ ನನ್ನ ಮುಖವನ್ನೂ ಬದಲಿಸಿ ಬದಲಿಸಿ ನೋಡಿದರು.

"ಮೇಡಂ, ಇದೇನು ತಂತಿ ಕಾಯಿಲಾ?"

"ಕೋಡುಬಳೆ ಸಾರ್."

ಡಬ್ಬಿ ತೆಗೆಸಿದರು. ಇಂಗು, ಮೆಣಸಿನಪುಡಿಯ ವಾಸನೆ ಆ ಸಾಲಿನುದ್ದಕ್ಕೂ ಹರಡಿತು. ಹಿಂದಿನ ಅಂಕಲ್ ಒಬ್ಬರು ಕತ್ತು ಉದ್ದ ಮಾಡಿದರು.

"ಒಂದು ತಗೊಂಡು ನೋಡಿ, ಗೊತ್ತಾಗುತ್ತೆ" ಎಂದೆ.

"ಡ್ಯೂಟಿ ಮೇಲೆ ತಿನ್ನಂಗಿಲ್ಲ ಮೇಡಂ" ಎಂದು ಅವರು ಡಬ್ಬಿ ಮುಚ್ಚಿಕೊಟ್ಟರು. ಮುಚ್ಚುವ ಮೊದಲು ಇನ್ನೊಂದು ಸಲ ಮೂಸಿದ್ದನ್ನು ನಾನು ನೋಡಿದೆ.

ತಾವೋಯುವಾನ್, ತೈವಾನಿಗೆ ಬಂದಿಳಿದ ಸಂಜೆ

ನನ್ನನ್ನು ಕರೆದೊಯ್ಯಲು ಬಂದಿದ್ದವಳು ಚೆನ್. ಕಾರ್ಖಾನೆಯಲ್ಲಿ ಆ ಮಶೀನುಗಳ ಉಸ್ತುವಾರಿ ನೋಡುವ ಇಂಜಿನಿಯರ್ ಹುಡುಗಿ, ಮೇಲ್‌ನಲ್ಲಿ ನನ್ನೊಂದಿಗೆ ಅಷ್ಟು ಮರ್ಯಾದೆಯಿಂದ ಜಗಳವಾಡಿದವಳು ಅವಳೇ. ಕಟ್ಟುನಿಟ್ಟಿನ ಮುಖವನ್ನು ನಿರೀಕ್ಷಿಸಿದ್ದೆ. ಇವಳು ನೋಡಿದರೆ ಕೆನ್ನೆ ತುಂಬ ನಗು, ಕೈಯಲ್ಲಿ ನನಗೂ ಒಂದು ಕೊಡೆ. ನಾವಿಬ್ಬರೂ ಮಾತಾಡಿದ್ದು ನಮ್ಮ ನಮ್ಮ ಊರಿನ ಇಂಗ್ಲಿಷಿನಲ್ಲಿ. ಅದನ್ನಿಲ್ಲಿ ನಮ್ಮ ಮಾತಿಗೆ ತಂದಿದ್ದೇನೆ.

"ಮೇಡಂ ಗಿರಿಜಾ, ಬಿಸಿನೀರು ಕುಡೀತೀರಾ?" ಎಂಬುದು ಅವಳ ಮೊದಲ ಪ್ರಶ್ನೆ. ಆ ಊರಿನಲ್ಲಿ ಎಲ್ಲಿ ಹೋದರೂ ಬಿಸಿನೀರಿನ ನಲ್ಲಿ. ಸ್ಟೇಷನ್ನಿನಲ್ಲಿ, ಆಫೀಸಿನಲ್ಲಿ, ಹೋಟೆಲಿನ ಪಡಸಾಲೆಯಲ್ಲಿ. ನೆಗಡಿಯಾದರೂ ಬಿಸಿನೀರು, ಬೇಜಾರಾದರೂ ಬಿಸಿನೀರು. ನಮ್ಮಜ್ಜಿ ಇಲ್ಲಿ ಹುಟ್ಟಬೇಕಾದವರು ಎಂದುಕೊಂಡೆ.

ಹೋಟೆಲಿನ ಕೋಣೆಯಲ್ಲಿ ಕಾಲು ಚಾಚಿದ್ದೆ. ಕೆಳಗಿನ ಬೀದಿಯಲ್ಲಿ ಗಂಟೆಯ ನಾದದಂಥ ಇಂಪಾದ ಸಂಗೀತ ಕೇಳಿಸಿತು. ಐಸ್‌ಕ್ರೀಮ್ ಗಾಡಿ ಇರಬೇಕು ಎಂದು ಚಪ್ಪಲಿ ಮೆಟ್ಟಿ ಓಡಿದೆ. ನನ್ನಂತೆಯೇ ಬೀದಿಯವರೆಲ್ಲ ಓಡಿ ಬರುತ್ತಿದ್ದರು, ಪ್ರತಿಯೊಬ್ಬರ ಕೈಯಲ್ಲೂ ಒಂದು ಚೀಲ. ಹತ್ತಿರ ಹೋದರೆ ಕಸದ ಲಾರಿ! ನಮ್ಮಲ್ಲೂ ಕಸದ ಆಟೋ ಹಾಡು ಹಾಕಿಕೊಂಡೇ ಬರುತ್ತದೆ, ಆದರೆ ನಾವು ಬಾಗಿಲಲ್ಲಿ ನಿಂತು "ಅಣ್ಣಾ, ಸ್ವಲ್ಪ ಇರಿ" ಎಂದು ಕೂಗುತ್ತೇವೆ. ಅಲ್ಲಿ ಯಾರೂ ಕೂಗುವುದಿಲ್ಲ. ಲಾರಿ ಬರುವ ಹೊತ್ತಿಗೆ ಊರೇ ಸಾಲಾಗಿ ನಿಂತಿರುತ್ತದೆ. ಬರಿಗೈಯಲ್ಲಿ ನಿಂತ ನನ್ನನ್ನು ನೋಡಿ ಒಬ್ಬ ಅಜ್ಜಿ ಕರುಣೆಯಿಂದ ತನ್ನ ಎರಡು ಚೀಲದಲ್ಲಿ ಒಂದನ್ನು ನನ್ನ ಕೈಗೆ ಕೊಟ್ಟಳು. ಅವಳ ಕಸವನ್ನು ಭಕ್ತಿಯಿಂದ ಲಾರಿಗೆ ಹಾಕಿ ಬಂದೆ.

ಕಾರ್ಖಾನೆ

ಒಳಗೆ ಹೋಗುವುದಕ್ಕೆ ಮಡಿ ಉಡಬೇಕು. ಬೇರೆ ಮಾತು ಹೊಳೆಯುತ್ತಿಲ್ಲ ನನಗೆ. ನಮ್ಮ ಮೈಯಲ್ಲಿ ಸುಮ್ಮನೆ ಹುಟ್ಟುವ ವಿದ್ಯುತ್ತು, ಚಳಿಗಾಲದಲ್ಲಿ ಸ್ವೆಟರ್ ಬಿಚ್ಚುವಾಗ ಚಟಚಟ ಅನ್ನುತ್ತದಲ್ಲ, ಅದು ಒಂದು ಚಿಪ್ಪನ್ನು ಸಾಯಿಸಲು ಸಾಕು. ಅದಕ್ಕೇ ಬೇರೆ ಚಪ್ಪಲಿ, ಬೇರೆ ನಿಲುವಂಗಿ, ತಲೆಗೆ ಟೋಪಿ, ಹೊರಗಿನದೇನಾದರೂ ಮುಟ್ಟಿದರೆ ಮತ್ತೆ ಮೊದಲಿನಿಂದ. ಬಾಗಿಲಲ್ಲಿ ಒಂದು ತಗಡಿನ ಮೇಲೆ ನಿಂತು ಗುಂಡಿ ಒತ್ತಬೇಕು, ಹಸಿರು ದೀಪ ಬಂದರೆ ಬಾಗಿಲು ತೆರೆಯುತ್ತದೆ. ನನಗೆ ಕೆಂಪು ಬಂತು. ಮತ್ತೆ ಒತ್ತಿದೆ, ಕೆಂಪು. ಚಳಿಯಾದೀತೆಂದು ನಾನು ದಪ್ಪನೆಯ ಉಣ್ಣೆ ಕಾಲುಚೀಲ ಹಾಕಿಕೊಂಡಿದ್ದೆ. ಎಲ್ಲರೆದುರು ಅದನ್ನು ಬಿಚ್ಚಿ ಕೈಯಲ್ಲಿ ಹಿಡಿದು ನಿಂತಾಗ, ಅಡುಗೆಮನೆ ಹೊಸ್ತಿಲಲ್ಲಿ "ಅಲ್ಲೇ ನಿಲ್ಲೇ!" ಎಂದು ಅಜ್ಜಿ ಗದರಿದ ದಿನಗಳೆಲ್ಲ ನೆನಪಾದವು.

ಒಳಗೆ ನಿಂತಿದ್ದವರು ವು ಅವರು, ಯಜಮಾನರು. ನರೆತ ಹುಬ್ಬು, ಬೆನ್ನ ಹಿಂದೆ ಕಟ್ಟಿದ ಕೈ. ಮಾತು ಕಡಿಮೆ. ಮಶೀನನ್ನು ಮಾತ್ರ ಮನೆಮಗಳನ್ನು ತೋರಿಸುವ ಹಾಗೆ ತೋರಿಸಿದರು. ಗಾಜಿನ ಹಿಂದೆ ಒಂದು ಮೂತಿ ಸುರುಳಿಯಿಂದ ಬಿಡಿಭಾಗ ಹೀರಿ, ಓಡಿ, ಬೋರ್ಡಿನ ಮೇಲೆ ಇಟ್ಟು, ಮತ್ತೆ ಓಡುತ್ತಿತ್ತು. ಗುಬ್ಬಚ್ಚಿ ಮೊರದಿಂದ ಕಾಳು ಹೆಕ್ಕಿದ ಹಾಗೆ, ಆದರೆ ಕಣ್ಣಿಗೆ ನಿಲುಕದ ವೇಗ. ಹೊಸ ಬೋರ್ಡು ಬಂದಾಗಲೆಲ್ಲ ಅದು ಒಂದು ಗಳಿಗೆ ತಡೆದು, ಕ್ಯಾಮೆರಾ ಬಗ್ಗಿಸಿ ಮೂಲೆಗಳನ್ನು ನೋಡಿಕೊಂಡು, ಆಮೇಲೆ ಕೆಲಸಕ್ಕೆ ಇಳಿಯುತ್ತಿತ್ತು.

ಬೇರೆಯವರ ಬೋರ್ಡುಗಳು ಒಂದಾದ ಮೇಲೊಂದು ನೆಟ್ಟಗೆ ಬಂದವು. ಆಮೇಲೆ ನನ್ನವು. ಒಂದು ಸರಿ. ಇನ್ನೊಂದು ವಾರೆ.

ವು ಅವರು ನನ್ನ ಕಡೆ ತಿರುಗಿ ಹುಬ್ಬು ಏರಿಸಿದರು, ಅಷ್ಟೆ. ನಾನು ತಂದಿದ್ದ ವಾದಗಳೆಲ್ಲ ಕೋಡುಬಳೆಯ ಡಬ್ಬಿಯಲ್ಲೇ ಉಳಿದವು. ನಕ್ಷೆ ತೆರೆದು ಚಿಪ್ಪಿನ ಅಳತೆ ನೋಡಿದೆ, ಕಾಲುಗಳ ಅಂತರ ನೋಡಿದೆ. ಎಲ್ಲವೂ ಸರಿ. ತಪ್ಪೇ ಸಿಕ್ಕದಿದ್ದರೆ ಸರಿಪಡಿಸುವುದೇನನ್ನು? ಹೊಸ ಬೋರ್ಡು ಮಾಡಿಸುವುದಕ್ಕೆ ಶಾಲೆ ಕಾಯುವುದಿಲ್ಲ.

ಊಟದ ನಂತರದ ಕತ್ತಲು

ಊಟದ ಡಬ್ಬಿ ಬಂತು. ನನಗೆಂದು ಸಸ್ಯಾಹಾರ ಹೇಳಿದ್ದರು, ಬಂದದ್ದು ಅದಲುಬದಲಾಗಿತ್ತು. ಚೆನ್ ನೊಂದುಕೊಂಡಾಳೆಂದು ಬಾಯಿ ಬಿಡದೆ, ಅನ್ನ ಮತ್ತು ಮೂಲೆಯಲ್ಲಿದ್ದ ಒಂದಿಷ್ಟು ಸೊಪ್ಪು ತಿಂದು ಮುಚ್ಚಿಟ್ಟೆ.

ಆಮೇಲೆ ನಾನು ಎಂದೂ ಕಾಣದ್ದನ್ನು ಕಂಡೆ. ಯಾರೋ ದೀಪ ಆರಿಸಿದರು. ಆಫೀಸಿನವರೆಲ್ಲ ಮೇಜಿನ ಕೆಳಗಿನಿಂದ ಪುಟ್ಟ ಪುಟ್ಟ ದಿಂಬು ತೆಗೆದು, ಮೇಜಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟರು. ಯಜಮಾನರೂ ಸಹ. ಜಯನಗರದಲ್ಲಿ ಮಧ್ಯಾಹ್ನ ಬೆಲ್ಲು ಒತ್ತಿದವರಿಗೆ ನಮ್ಮಜ್ಜಿ ಕೊಡುತ್ತಿದ್ದ ನೋಟ ನೆನೆದು ನಗು ಬಂತು. ಇಲ್ಲಿ ಬೆಲ್ಲು ಒತ್ತುವ ಧೈರ್ಯವೇ ಯಾರಿಗೂ ಇಲ್ಲ.

ನನಗೆ ನಿದ್ದೆ ಎಲ್ಲಿಂದ ಬರಬೇಕು? ಹೊಟ್ಟೆ ಚುರುಗುಡುತ್ತಿತ್ತು. ಕೋಡುಬಳೆ ಚೆನ್ ಕಾರಿನಲ್ಲಿತ್ತು. ಮಶೀನುಗಳನ್ನು ಆಡಿಸುವ ಕಂಪ್ಯೂಟರು ಇದ್ದ ಗಾಜಿನ ಕೋಣೆಗೆ ಮೆಲ್ಲಗೆ ಹೋದೆ. ಅದರ ತಲೆಯ ಮೇಲೆ ಒಂದು ಹಸಿರು ಪೊಟ್ಟಣ ಕೂತಿತ್ತು. ಮೆಕ್ಕೆಜೋಳದ ಕುರುಕಲು ತಿಂಡಿ, ಅಂಗಡಿಯಲ್ಲಿ ಮಕ್ಕಳು ಹಟ ಮಾಡಿ ಕೊಡಿಸಿಕೊಳ್ಳುವಂಥದ್ದು. ಅತಿಥಿಗೆಂದೇ ಇಟ್ಟಿರಬೇಕು, ಎಂಥ ಜನ ಎಂದುಕೊಂಡು ಒಡೆದೆ. ಒಳಗಿಂದ ತೆಂಗಿನಕಾಯಿಯ ಪರಿಮಳ ಬಂತು. ಕಣ್ಣು ಮುಚ್ಚಿ ಒಂದು ಹಿಡಿ ಬಾಯಿಗೆ ಹಾಕಿಕೊಂಡೆ.

ದೀಪ ಹತ್ತಿತು. ಬಾಗಿಲಲ್ಲಿ ಚೆನ್, ಕೆನ್ನೆಯ ಮೇಲೆ ದಿಂಬಿನ ಗುರುತು.

"ಮೇಡಂ!" ಎಂದಳು. ಆಮೇಲೆ ತನ್ನ ಭಾಷೆಯಲ್ಲಿ ಏನೋ ಕಿರುಚಿದಳು. ಹಿಂದೆಯೇ ಇನ್ನಷ್ಟು ಜನ ಬಂದರು. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಒಬ್ಬ ಹೊರಗೆ ಓಡಿಯೇಬಿಟ್ಟ.

"ಏನಾಯ್ತು? ಹಾಳಾಗಿತ್ತಾ?" ಎಂದೆ, ಬಾಯಿ ತುಂಬಿಕೊಂಡೇ.

"ಅದು ಮಶೀನಿಂದು" ಎಂದಳು ಚೆನ್.

"ಮಶೀನು ತಿನ್ನುತ್ತಾ?"

ನಗಬೇಕೋ ಅಳಬೇಕೋ ತಿಳಿಯದ ಮುಖದಲ್ಲಿ ಅವಳು ವಿವರಿಸಿದಳು. ಅಲ್ಲಿನ ಇಂಜಿನಿಯರುಗಳಲ್ಲಿ ಅದೊಂದು ಪದ್ಧತಿ. ಯಂತ್ರ ಹಟ ಮಾಡದೆ ಜಾಣನಾಗಿರಲಿ ಎಂದು ಅದರ ಮೇಲೆ ಈ ತಿಂಡಿಯ ಪೊಟ್ಟಣ ಇಡುತ್ತಾರೆ. ಹಸಿರೇ ಆಗಬೇಕು, ಯಾಕೆಂದರೆ ಹಸಿರು ದೀಪವೆಂದರೆ ಎಲ್ಲಾ ಸರಿ ಎಂದರ್ಥ. ಬೇರೆ ಬಣ್ಣ ಇಟ್ಟರೆ ಕೆಡುಕು. ತಾರೀಖು ಮುಗಿಯುವ ಮೊದಲು ಬದಲಿಸಬೇಕು. ಮಿಕ್ಕಿದ್ದೇನೇ ಆಗಲಿ, ಒಡೆಯಬಾರದು.

"ನೀವು... ನಂಬ್ತೀರಾ ಇದನ್ನ?" ಎಂದು ಕೇಳಿದೆ.

"ನಂಬೋದಿಲ್ಲ. ನಾವು ಇಂಜಿನಿಯರ್ಸ್" ಎಂದಳು. "ಆದ್ರೆ ಇಡದೆ ಇರೋದೂ ಇಲ್ಲ."

ನನಗೆ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು. ನಾಚಿಕೆ ಮುಚ್ಚಿಕೊಳ್ಳುವುದಕ್ಕೋ, ಮನಸ್ಸು ತುಂಬಿ ಬಂದದ್ದಕ್ಕೋ, ನಾನೂ ಬಾಯಿ ಬಿಟ್ಟೆ. "ನಂದೂ ಇದೇ ಕಥೆ ಚೆನ್. ನಮ್ಮಲ್ಲಿ ಮಗು ಮುದ್ದಾಗಿದ್ರೆ ಕೆನ್ನೆಗೆ ಒಂದು ಬೊಟ್ಟಿಡ್ತೀವಿ, ಯಾರ ಕಣ್ಣೂ ಬೀಳದೆ ಇರ್ಲಿ ಅಂತ. ನಾನು ನನ್ನ ಬೋರ್ಡಿಗೂ ಇಡ್ತೀನಿ."

"ಬೋರ್ಡಿಗಾ? ಎಂಥಾ ಬೊಟ್ಟು?"

"ದುಂಡಗೆ. ಇಷ್ಟೇ ಇಷ್ಟು. ಚಿನ್ನದ ಬಣ್ಣದ್ದು."

"ಎಲ್ಲಿ?"

"ಮೂಲೇಲಿ" ಎಂದೆ.

ಆ ಮಾತು ಬಾಯಿಂದ ಹೊರಟು ಗಾಳಿಯಲ್ಲಿರುವಾಗಲೇ ನನಗೆ ಹೊಳೆಯಿತು. ಚೆನ್ ನನ್ನನ್ನೇ ನೋಡುತ್ತಿದ್ದಳು. ಇಬ್ಬರೂ ಒಟ್ಟಿಗೆ ಪರದೆಯ ಕಡೆ ತಿರುಗಿದೆವು.

ಮಶೀನು ಬೋರ್ಡಿನ ಮೂಲೆಯಲ್ಲಿ ಹುಡುಕುವುದು ಏನನ್ನು? ಒಂದು ದುಂಡು, ಹೊಳೆಯುವ ಚುಕ್ಕೆಯನ್ನು. ಅದರ ಕ್ಯಾಮೆರಾಕ್ಕೆಂದೇ ನಾವು ಎದುರುಬದುರು ಮೂಲೆಗಳಲ್ಲಿ ಗುರುತಿನ ಚುಕ್ಕೆ ಇಟ್ಟಿರುತ್ತೇವೆ. ಅವುಗಳನ್ನು ನೋಡಿಕೊಂಡೇ ಅದು ಬೋರ್ಡು ಎಷ್ಟು ತಿರುಗಿ ನಿಂತಿದೆ, ಯಾವುದನ್ನು ಎಲ್ಲಿಡಬೇಕು ಎಂದು ಲೆಕ್ಕ ಹಾಕುವುದು. ಹಿಂದಿನ ಬೋರ್ಡುಗಳು ದೊಡ್ಡವು, ಕೈಕೆಲಸದವು, ಕ್ಯಾಮೆರಾದ ಕಣ್ಣಿಗೆ ಬಿದ್ದವೇ ಅಲ್ಲ. ಈ ಸಲ ಬೋರ್ಡು ಕುಗ್ಗಿತು. ಕುಗ್ಗಿದಾಗ ನನ್ನ ಬೊಟ್ಟೂ ಗುರುತಿನ ಚುಕ್ಕೆಯೂ ಒಂದೇ ಮೂಲೆಯಲ್ಲಿ ಅಕ್ಕಪಕ್ಕ ಬಂದು ಕೂತವು.

ಚೆನ್ ನನ್ನ ಬೋರ್ಡೊಂದನ್ನು ಮಶೀನಿನೊಳಗೆ ಬಿಟ್ಟಳು. ಪರದೆಯಲ್ಲಿ ಆ ಮೂಲೆ ದೊಡ್ಡದಾಗಿ ಮೂಡಿತು. ಅವಳಿಮಕ್ಕಳ ಹಾಗೆ ಎರಡು ಚಿನ್ನದ ಚುಕ್ಕಿಗಳು. ಮಶೀನಿನ ಕಣ್ಣು ಎಲ್ಲಿದೆಯೆಂದು ತೋರಿಸುವ ಅಡ್ಡ-ಉದ್ದದ ಕೂಡುಗೆರೆ ಅತ್ತ ಇತ್ತ ಆಡಿ, ನಿಧಾನವಾಗಿ ಹೋಗಿ, ನಮ್ಮಜ್ಜಿಯ ಬೊಟ್ಟಿನ ಮೇಲೆ ನಿಂತಿತು. ಆ ಬೋರ್ಡು ವಾರೆಯಾಗಿ ಬಂತು. ಮುಂದಿನದು ಕೂದಲೆಳೆಯಷ್ಟು ಆಚೆ ನಿಂತಿತ್ತೇನೋ, ಗೆರೆ ಸರಿಯಾದ ಚುಕ್ಕೆ ಹಿಡಿಯಿತು. ಅದು ನೆಟ್ಟಗೆ ಬಂತು.

ಎದುರುಬದುರು ಮೂಲೆಯ ಎರಡು ಚುಕ್ಕೆಗಳ ನಡುವಿನ ದೂರ ನಕ್ಷೆಗೆ ತಾಳೆಯಾಗದಿದ್ದರೆ ಮಶೀನು ನಿಂತು ಕೂಗಬೇಕಿತ್ತಂತೆ. ಪದೇ ಪದೇ ನಿಲ್ಲುತ್ತದೆಂದು ಆ ಎಚ್ಚರಿಕೆಯನ್ನು ಇವರು ಸಡಿಲ ಮಾಡಿಟ್ಟಿದ್ದರು. "ಹಾಗಾದ್ರೆ ಸ್ವಲ್ಪ ತಪ್ಪು ನಮ್ಮದೂ ಇದೆ" ಎಂದಳು ಚೆನ್, ಬಹಳ ಸಣ್ಣ ದನಿಯಲ್ಲಿ.

ಹೊರಗೆ ಓಡಿದವನು ಹೊಸ ಹಸಿರು ಪೊಟ್ಟಣ ಹಿಡಿದು ಏದುಸಿರು ಬಿಡುತ್ತಾ ಬಂದ. ವು ಅವರೇ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಂಪ್ಯೂಟರಿನ ಮೇಲಿಟ್ಟರು. ಚೆನ್ ನಡೆದದ್ದನ್ನೆಲ್ಲ ಅವರಿಗೆ ಹೇಳಿದಳು. ಕೆನ್ನೆಗೆ ಬೆರಳಿಟ್ಟು ಬೊಟ್ಟನ್ನು ತೋರಿಸಿದ್ದು ಕಂಡೆ. ಈಗ ನಗುತ್ತಾರೆ ಎಂದು ಕಾದೆ. ಅವರು ನಗಲಿಲ್ಲ. ಪರದೆಯ ಮೇಲಿನ ಚುಕ್ಕಿಯನ್ನು ಬಹಳ ಹೊತ್ತು ನೋಡಿ ಏನೋ ಹೇಳಿದರು.

"ಒಳ್ಳೆ ಬೊಟ್ಟು ಅಂತಿದಾರೆ" ಎಂದಳು ಚೆನ್. "ನೋಡಿದವರ ಕಣ್ಣು ಎಲ್ಲಾ ಬಿಟ್ಟು ಅದರ ಮೇಲೇ ಹೋಗೋ ಹಾಗಿದೆಯಂತೆ."

ಬೊಟ್ಟು ಇಡುವುದೇ ಅದಕ್ಕಲ್ಲವೇ! ನಾನೇ ಮೊದಲು ನಕ್ಕೆ. ಆಮೇಲೆ ಎಲ್ಲರೂ.

ನಂಜುಂಡನಿಗೆ ಫೋನು ಮಾಡಿದೆ.

"ಏನಕ್ಕ, ಯಾರ ತಪ್ಪಂತೆ? ಅವ್ರದಾ, ನಮ್ದಾ?"

"ನಮ್ಮಜ್ಜೀದು ಕಣೋ."

ಕಥೆ ಕೇಳಿ ಅವನು ಆ ಕಡೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ಸಮುದ್ರ ದಾಟಿ ಕೇಳಿಸಿತು. ನಕ್ಕು ಮುಗಿದ ಮೇಲೆ ಕೇಳಿದ, "ಸರಿ ಅಕ್ಕ, ಬೋರ್ಡೆಲ್ಲಾ ಆಗ್ಲೇ ಮಾಡಿಸಿ ಆಗಿದೆಯಲ್ಲ. ಆ ಬೊಟ್ಟನ್ನ ಈಗ ಅಳಿಸೋದು ಹೆಂಗೆ?"



ಕಾರ್ಖಾನೆ, ಮರುದಿನ

ತಾಮ್ರವನ್ನು ಕೆರೆದು ತೆಗೆಯಲು ನೋಡಿದೆವು, ಬೋರ್ಡು ಗೀರಿತು. ಕಾವು ತಡೆಯುವ ಟೇಪನ್ನು ಚೂರು ಚೂರಾಗಿ ಕತ್ತರಿಸಿ ಅಂಟಿಸಿದೆವು. ಅಂಚು ಎದ್ದು ಪಕ್ಕದ ಭಾಗಕ್ಕೆ ತಗುಲಿತು. ಮಶೀನಿಗೆ ಆ ಚುಕ್ಕಿಯನ್ನು ನೋಡಬೇಡ ಎಂದು ಹೇಳಿಕೊಡಲಾಗದೇ ಎಂದರೆ, ಅದಕ್ಕೆ ದುಂಡಗೆ ಹೊಳೆಯುವುದೆಲ್ಲ ಒಂದೇ ಎಂದಳು ಚೆನ್.

ಹೊಳೆಯುವುದು ಎಂದು ಅವಳು ಹೇಳಿದ್ದೇ ತಡ, ನನಗೆ ಅಜ್ಜಿಯ ಕಾಡಿಗೆ ಡಬ್ಬಿ ಕಣ್ಣ ಮುಂದೆ ಬಂತು. ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ, ಕಟ್ಟಿದ ಮಸಿಯನ್ನು ತುಪ್ಪದಲ್ಲಿ ಕಲಸಿಟ್ಟ ಡಬ್ಬಿ. ಅಜ್ಜಿಯ ಬೊಟ್ಟು ಯಾವತ್ತಾದರೂ ಹೊಳೆದಿತ್ತೇ? ಚಿನ್ನ ಹಚ್ಚಿದವಳು ನಾನು. ದೃಷ್ಟಿಬೊಟ್ಟು ಇರಬೇಕಾದದ್ದು ಕಪ್ಪು.

"ಚೆನ್, ಕಪ್ಪು ಶಾಯಿ ಇದೆಯಾ? ಕಾವಿಗೆ ಹೋಗದೆ ಇರೋದು?"

ಇತ್ತು. ತಪಾಸಣೆಯಾದ ಬೋರ್ಡಿಗೆ ಗುರುತು ಹಾಕುವ ಶಾಯಿ. ಒಂದು ಬೋರ್ಡಿಗೆ ಹಚ್ಚಿ, ಬಿಡಿಭಾಗಗಳ ಬೆಸುಗೆ ಕರಗಿಸುವ ಒಲೆಯಲ್ಲಿ ಹಾಯಿಸಿದೆವು. ಆಚೆ ಕಡೆ ಬಿಸಿಬಿಸಿಯಾಗಿ ಬಂತು, ಕಪ್ಪು ಹಾಗೇ ಇತ್ತು. ಮಶೀನಿಗೆ ಕೊಟ್ಟೆವು. ಕೂಡುಗೆರೆ ಬೊಟ್ಟಿನ ಮೇಲೆ ಹಾಯ್ದು, ಅಲ್ಲೇನೂ ಇಲ್ಲವೆಂಬಂತೆ ಮುಂದೆ ಹೋಗಿ, ಗುರುತಿನ ಚುಕ್ಕೆಯ ಮೇಲೆ ನಿಂತಿತು. ಇನ್ನೊಂದು ಕೊಟ್ಟೆವು. ಅದೂ. ಮತ್ತೊಂದು. ಅದೂ. ವು ಅವರು ಬೆನ್ನ ಹಿಂದಿನ ಕೈ ಬಿಚ್ಚಿದರು.

ಅಂದು ಮಧ್ಯಾಹ್ನದ ದೀಪ ಮತ್ತೆ ಹತ್ತಿದ ಮೇಲೆ, ತಪಾಸಣೆಯ ಉದ್ದ ಮೇಜಿನ ಸುತ್ತ ಕೂತೆವು. ಚೆನ್, ನಾನು, ಅಲ್ಲಿ ಕೆಲಸ ಮಾಡುವ ಹೆಂಗಸರು. ಎಲ್ಲರ ಕೈಯಲ್ಲೂ ಹಲ್ಲುಕಡ್ಡಿ, ನಡುವೆ ಶಾಯಿಯ ಬಟ್ಟಲು. ಕಡ್ಡಿಯ ತುದಿ ಅದ್ದಬೇಕು, ಬಟ್ಟಲ ಅಂಚಿಗೆ ಒಂದು ಸಲ ಒರೆಸಬೇಕು, ಉಸಿರು ಹಿಡಿದು ಇಡಬೇಕು, ಆದರೆ ಒತ್ತಬಾರದು. ಹೀಗೆ ಎಂದು ತೋರಿಸುವಾಗ ನನ್ನ ಬಾಯಿಂದ ಬಂದದ್ದು ಕನ್ನಡ. ಅವರಿಗೆ ಅರ್ಥವೂ ಆಯಿತು. ಶುಭಕಾರ್ಯಕ್ಕೆ ಎಲೆ ಅಡಿಕೆ ಜೋಡಿಸುವ ಹೆಂಗಸರ ಹಾಗೆ ಕೈ ಓಡಿತು, ಬಾಯಿಯೂ ಓಡಿತು. ಕಾರಿನಿಂದ ಕೋಡುಬಳೆ ಬಂತು, ಕೆಲಸದ ಕೋಣೆಯಲ್ಲಿ ತಿನ್ನುವಂತಿಲ್ಲವೆಂದು ಸರದಿಯ ಮೇಲೆ ಹೊರಗೆ ಹೋಗಿ ತಿಂದು ಬಂದರು. ಖಾರಕ್ಕೆ ಮೂಗು ಕೆಂಪಾದ ಒಬ್ಬಾಕೆ ಬಂದು, ಕೂತು, ಕಣ್ಣೊರೆಸಿಕೊಂಡು, ಮತ್ತೊಂದು ಸಲ ಎದ್ದು ಹೋದಳು.

ನಡುವೆ ಚೆನ್ ಕೇಳಿದಳು, "ಮುಂದಿನ ಬೋರ್ಡಿಗೆ ಬೊಟ್ಟು ಬಿಟ್ಟುಬಿಡ್ತೀರಾ?"

ನಿಜ ಹೇಳಬೇಕೆಂದರೆ ಹಿಂದಿನ ದಿನದಿಂದ ನನಗೂ ಅದೇ ಯೋಚನೆ. ಅಷ್ಟರಲ್ಲಿ ಅವಳು ವು ಅವರನ್ನು ಕೇಳಿ ಬಂದಳು. "ಬಿಡಬೇಡಿ ಅಂತಾರೆ. ತಾಮ್ರದಲ್ಲಿ ಬೇಡ, ಕಪ್ಪು ಶಾಯಿಯಲ್ಲೇ ಅಚ್ಚು ಹಾಕಿ ಅಂತಾರೆ. ಮಶೀನಿಗೆ ಕಾಣಬಾರದು, ಕೆಟ್ಟ ಕಣ್ಣಿಗೆ ಮಾತ್ರ ಕಾಣಬೇಕು."

ಇದಕ್ಕಿಂತ ಒಳ್ಳೆಯ ವಿನ್ಯಾಸದ ಪಾಠ ನನಗೆ ಯಾವ ತರಗತಿಯಲ್ಲೂ ಸಿಕ್ಕಿಲ್ಲ.

ಹೊರಡುವಾಗ ಚೆನ್ ನನ್ನ ಕೈಗೆ ಒಂದು ಹಸಿರು ಪೊಟ್ಟಣ ಕೊಟ್ಟಳು. "ಇದು ನಿಮ್ಮ ಕಂಪ್ಯೂಟರಿಗೆ" ಎಂದಳು. ಆಮೇಲೆ ಚೀಲದಿಂದ ಇನ್ನೊಂದು ತೆಗೆದಳು. "ಇದು ದಾರಿಯಲ್ಲಿ ನಿಮಗೆ. ಹಸಿವಾದ್ರೆ ಇದನ್ನ ಒಡೀರಿ. ಅದನ್ನಲ್ಲ."

ತಿಲಕ್ ನಗರ

ಪೆಟ್ಟಿಗೆಗಳು ಸಿದ್ಧವಾದವು. ಶಾಲೆ ಶುರುವಾಗುವ ಬೆಳಗ್ಗೆ ನಾನೂ ನಂಜುಂಡನೂ ಹೋದಾಗ ಬಾಗಿಲಲ್ಲಿ ಅಳುವ ಮಕ್ಕಳು, ಅಳು ತಡೆದುಕೊಂಡ ತಾಯಂದಿರು, ಪಕ್ಕದಲ್ಲೇ ಆಟೋಗಳ ಹಾರನ್ನು. ವಿಮಲಾ ಟೀಚರ್ ಒಂದನೇ ತರಗತಿಯ ಮಕ್ಕಳ ಎದೆಗೆ ಒಂದೊಂದೇ ಪೆಟ್ಟಿಗೆ ಸಿಕ್ಕಿಸಿ, ಮೈಕು ಹಾಕಿಕೊಂಡು, ಬೇಕೆಂದೇ ಬೆನ್ನು ತಿರುಗಿಸಿ ನಿಂತರು. ತುಟಿ ನೋಡಿ ಊಹಿಸಬಾರದಲ್ಲ, ಅದಕ್ಕೆ.

"ನಸ್ರೀನ್" ಎಂದರು ಗೋಡೆಯ ಕಡೆ ಮುಖ ಮಾಡಿ. ಮೆಲ್ಲಗೆ, ಮನೆಯಲ್ಲಿ ಕರೆಯುವ ಹಾಗೆ.

ಏನೂ ಆಗಲಿಲ್ಲ. ನಂಜುಂಡ ನನ್ನ ತೋಳು ಹಿಡಿದುಕೊಂಡ. "ಅಕ್ಕ..." ಎಂದ.

"ಸುಮ್ನಿರೋ."

"ನಸ್ರೀನ್" ಎಂದರು ಟೀಚರ್ ಇನ್ನೊಂದು ಸಲ.

ಎರಡನೇ ಸಾಲಿನಲ್ಲಿ, ಎರಡು ಜಡೆಯ ಒಂದು ಹುಡುಗಿ ಕತ್ತೆತ್ತಿದಳು. ಮೊದಲು ಮೇಲೆ ನೋಡಿದಳು, ಆಮೇಲೆ ಕಿಟಕಿಯ ಕಡೆ, ಆಮೇಲೆ ಟೀಚರ ಬೆನ್ನಿನ ಕಡೆ. ಎದ್ದು ನಿಂತಳು.

ಟೀಚರ್ ತಿರುಗಿ ನೋಡಿ, ಮತ್ತೆ ಬೇಗನೆ ಗೋಡೆಯ ಕಡೆ ತಿರುಗಿಕೊಂಡರು. ಸೀಮೆಸುಣ್ಣ ಹುಡುಕುವವರ ಹಾಗೆ. ಸೀಮೆಸುಣ್ಣ ಅವರ ಕೈಯಲ್ಲೇ ಇತ್ತು.

ನಸ್ರೀನ್ ಕೂತುಕೊಂಡು ಎದೆಯ ಪೆಟ್ಟಿಗೆಯನ್ನು ಎತ್ತಿ ಹಿಡಿದಳು. ಬಿಚ್ಚುತ್ತಾಳೇನೋ ಎಂದುಕೊಂಡೆ. ಬಿಚ್ಚಲಿಲ್ಲ. ಪಾರದರ್ಶಕ ಮುಚ್ಚಳಕ್ಕೆ ಮೂಗು ತಾಗಿಸಿ ಒಳಗೆ ನೋಡುತ್ತಾ ಹೋದಳು. ಗೆರೆಗಳನ್ನು ನೋಡಿದಳು, ಚಿಪ್ಪನ್ನು ನೋಡಿದಳು. ಮೂಲೆಗೆ ಬಂದು ಅವಳ ಬೆರಳು ನಿಂತಿತು.

ನಂತರ ಆ ಬೆರಳು ಮೇಲೆದ್ದು ತನ್ನದೇ ಎಡಗೆನ್ನೆಯ ಮೇಲೆ ಬಂತು. ಅಲ್ಲಿ, ಶಾಲೆಯ ಮೊದಲ ದಿನವೆಂದು ಬೆಳಗ್ಗೆ ಅವಳ ಅಮ್ಮ ಇಟ್ಟು ಕಳಿಸಿದ ಸುರ್ಮಾದ ಕಪ್ಪು ಬೊಟ್ಟು ಇನ್ನೂ ಹಸಿಹಸಿಯಾಗಿತ್ತು. ಪೆಟ್ಟಿಗೆಯ ಮೂಲೆ ತೋರಿಸಿದಳು, ಕೆನ್ನೆ ತೋರಿಸಿದಳು, ನನ್ನ ಮುಖ ನೋಡಿದಳು.

ಹೌದು ಎಂದು ತಲೆಯಾಡಿಸಿದೆ.